ಚಕ್ಕಡಿ ದಾರಿ ಮತ್ತು ಡ್ರೋನ್ ದಾಳಿ

ಗದಗ ಕೋರ್ಟಿನ ವರಾಂಡದಲ್ಲಿ ಕೂತು ನಮ್ಮ ಕೇಸ್ ಯಾವಾಗ ಕೂಗ್ತಾರೋ ಅಂತ ಕಾಯುವುದು ವಕೀಲಿಕೆಯ ಅರ್ಧ ಕೆಲಸ. 2025ರ ಜೂನ್‌ನಲ್ಲಿ ಹಾಗೇ ಕೂತಿದ್ದೆವು, ನಾನು ಮತ್ತು ಲಕ್ಷ್ಮೇಶ್ವರ ಕಡೆಯ ಒಬ್ಬ ಹಿರಿಯ ಕಕ್ಷಿದಾರರು. ಹೆಸರು ಬಿತ್ತನೆಯ ಹೊತ್ತು. ಪಕ್ಕದ ಹೊಲದವನು ಇವರ ಹೊಲದ ನಟ್ಟನಡುವೆ ಟ್ರ್ಯಾಕ್ಟರ್ ಹೊಡೆದಿದ್ದ, ಇವರು ಮುಳ್ಳು ಬೇಲಿ ಹಾಕಿದ್ದರು, ಅವನು ತಡೆಯಾಜ್ಞೆ ಕೇಳಿ ಬಂದಿದ್ದ. ಕಾಯುತ್ತ ಕಾಯುತ್ತ ಅವರು ಮೊಬೈಲಿನಲ್ಲಿ ಯಾವುದೋ ಡ್ರೋನ್ ದಾಳಿಯ ವಿಡಿಯೋ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಕೇಳಿದರು: "ವಕೀಲ್ರ, ಇವ್ರು ಮಂದಿ ದೇಶದಾಗ ಹೊಕ್ಕು ಮ್ಯಾಲಿಂದ ಹೊಡದ ಹೋಗ್ತಾರಲ್ರಿ, ಇದಕ್ಕ ಕೇಸ್ ಆಗೂದಿಲ್ಲೇನ್ರಿ?"

"ಆಗ್ತದ್ರಿ ಯಜಮಾನ್ರ. ಆದ್ರ ಅದೂ ನಿಮ್ಮ ದಾರಿ ಕೇಸಿನಂಗ ಐತ್ರಿ" ಅಂದೆ.

ಸುಮ್ನೆ ಮಾತಿಗೆ ಅಂದಿದ್ದಲ್ಲ. ನಾನು ವಾರವಿಡೀ ಗದಗದಲ್ಲಿ ಸಿವಿಲ್ ಕೇಸು ನಡೆಸುತ್ತೇನೆ, ಶನಿವಾರ ಹುಬ್ಬಳ್ಳಿಯ ಒಂದು ಕಾನೂನು ಕಾಲೇಜಿನಲ್ಲಿ ಅಂತಾರಾಷ್ಟ್ರೀಯ ಕಾನೂನು ಪಾಠ ಮಾಡುತ್ತೇನೆ. ಎರಡಕ್ಕೂ ಸಂಬಂಧ ಏನು ಅಂತ ಎಷ್ಟೋ ಜನ ನಕ್ಕಿದ್ದಾರೆ. ಡ್ರೋನ್ ವಿಷಯಕ್ಕೆ ಬಂದಾಗ ಮಾತ್ರ ಹೊಲದ ದಾರಿ ಕೇಸಿಗಿಂತ ಒಳ್ಳೆ ಉದಾಹರಣೆ ನನಗೆ ಈವರೆಗೆ ಸಿಕ್ಕಿಲ್ಲ.

1882ರ ಈಸ್‌ಮೆಂಟ್ ಕಾಯ್ದೆ ಇದೆ, ಬೇರೆಯವರ ಜಮೀನಿನಲ್ಲಿ ದಾರಿಯಂಥ ಹಕ್ಕಿನ ಕಾಯ್ದೆ. ನಿಮ್ಮ ಹೊಲದಲ್ಲಿ ಇನ್ನೊಬ್ಬ 20 ವರ್ಷ ಚಕ್ಕಡಿ ಹೊಡೆದ ಅಂದುಕೊಳ್ಳಿ. ಕದ್ದುಮುಚ್ಚಿ ಅಲ್ಲ, ಎಲ್ಲರ ಕಣ್ಣೆದುರೇ. ಜಗಳ ಇಲ್ಲ, ನಡುವೆ ತಡೆ ಇಲ್ಲ, 'ಇದು ನನ್ನ ಹಕ್ಕು' ಅಂತಲೇ ಹೊಡೆದ. ಹಾಗಿದ್ದರೆ ಅದು ಹಕ್ಕೇ ಆಗಿಬಿಡುತ್ತದೆ. ನೀವು ಸುಮ್ಮನಿದ್ದಿದ್ದೇ ನಿಮಗೆ ಮುಳುವು. ಆದರೆ ನಿಮ್ಮ ಅಪ್ಪಣೆ ಕೇಳಿ ಅವನು ಓಡಾಡಿದ್ದರೆ, 20 ಅಲ್ಲ 50 ವರ್ಷವಾದರೂ ಹಕ್ಕು ಹುಟ್ಟುವುದಿಲ್ಲ. ಈ ಅಪ್ಪಣೆಯ ವಿಷಯ ನೆನಪಿಡಿ, ಮುಂದೆ ಬೇಕಾಗುತ್ತದೆ.

ದೇಶ ದೇಶಗಳ ನಡುವೆ ವಿಧಾನಸಭೆ ಇಲ್ಲ, ಕಾನೂನು ಮಾಡುವವರು ಯಾರೂ ಇಲ್ಲ. ಇರುವುದು ಒಪ್ಪಂದಗಳು, ಮತ್ತು ರೂಢಿ. ರೂಢಿ ಅಂದರೆ ದೇಶಗಳು ಮಾಡುತ್ತ ಬಂದಿದ್ದು, ಅದನ್ನು ಹಕ್ಕು ಎಂದು ನಂಬಿ ಮಾಡಿದ್ದು, ಉಳಿದವರು ತಕರಾರು ತೆಗೆಯದೆ ಬಿಟ್ಟಿದ್ದು. ಚಕ್ಕಡಿ ದಾರಿಯೇ ಅಲ್ವಾ? ವಿಶ್ವಸಂಸ್ಥೆಯ ಸನ್ನದಿನ 2(4)ನೇ ವಿಧಿ, ಇನ್ನೊಂದು ದೇಶದ ಮೇಲೆ ಬಲ ಬಳಸಬೇಡಿ ಅನ್ನುತ್ತದೆ. 51ನೇ ವಿಧಿ, ನಿಮ್ಮ ಮೇಲೆ ಸಶಸ್ತ್ರ ದಾಳಿ ಆದರೆ ಆತ್ಮರಕ್ಷಣೆ ಮಾಡಿಕೊಳ್ಳಿ, ಮಾಡಿದ್ದನ್ನು ಭದ್ರತಾ ಮಂಡಳಿಗೆ ತಿಳಿಸಿ ಅನ್ನುತ್ತದೆ. ಈ ಎರಡು ಬದುಗಳ ನಡುವಿನ ಹೊಲದಲ್ಲೇ ಇಪ್ಪತ್ತು ವರ್ಷಕ್ಕೂ ಜಾಸ್ತಿ ಡ್ರೋನ್ ಓಡಾಡಿದೆ.

ಮೊದಲ ಚಕ್ಕಡಿ ಅಮೆರಿಕದ್ದು. 2001ರಲ್ಲಿ ಅಫ್ಘಾನಿಸ್ತಾನದಲ್ಲಿ ಪ್ರಿಡೇಟರ್ ಡ್ರೋನ್ ಕ್ಷಿಪಣಿ ಹಾರಿಸಿತು. ಅದು ಯುದ್ಧಭೂಮಿ, ಒಪ್ಪೋಣ. 2002ರ ನವೆಂಬರ್ 3ರಂದು ಯೆಮನ್‌ನಲ್ಲಿ ಕಾರೊಂದನ್ನು ಹೊಡೆದರು, ಅಲ್ಲಿ ಯುದ್ಧ ನಡೆದಿರಲಿಲ್ಲ. 2004ರ ಜೂನ್‌ನಲ್ಲಿ ಪಾಕಿಸ್ತಾನದ ದಕ್ಷಿಣ ವಜೀರಿಸ್ತಾನದಲ್ಲಿ ತಾಲಿಬಾನ್ ಕಮಾಂಡರ್ ನೇಕ್ ಮುಹಮ್ಮದ್ ಡ್ರೋನ್ ದಾಳಿಗೆ ಸತ್ತ. ಆಗ ಪಾಕಿಸ್ತಾನದ ಸೇನೆ 'ನಾವೇ ಹೊಡೆದೆವು' ಅಂದಿತು! ಅಮೆರಿಕದ ವಾದ ಇಷ್ಟು: ಉಗ್ರರು ಅಡಗಿರುವ ದೇಶಕ್ಕೆ ಅವರನ್ನು ತಡೆಯಲು ಮನಸ್ಸಿಲ್ಲದಿದ್ದರೆ ಅಥವಾ ಕೈಲಾಗದಿದ್ದರೆ, ನಾವೇ ಹೋಗಿ ತಡೆಯಬಹುದು. ಸನ್ನದಿನಲ್ಲಿ ಈ ಸಾಲು ಎಲ್ಲೂ ಇಲ್ಲ. ಓಡಾಡಿ ಓಡಾಡಿ ಬಿದ್ದ ಗಾಲಿ ಜಾಡು ಇದು.

ಇನ್ನು ಹೊಲದ ಮಾಲೀಕ ಏನು ಮಾಡಿದ? ನನಗೆ ಇಡೀ ಕಥೆಯಲ್ಲಿ ಮಜಾ ಅನಿಸುವ ಭಾಗ ಇದೇ. ಪಾಕಿಸ್ತಾನ ಬಹಿರಂಗವಾಗಿ ಕೂಗಾಡಿತು. ಆದರೆ ಬಲೂಚಿಸ್ತಾನದ ಶಂಸಿ ವಾಯುನೆಲೆಯಿಂದ ಅಮೆರಿಕದ ಡ್ರೋನ್‌ಗಳು 2011ರವರೆಗೆ ಕೆಲಸ ಮಾಡಿದವು. 2008ರಲ್ಲಿ ಅಮೆರಿಕದ ರಾಯಭಾರಿ ತನ್ನ ಸರ್ಕಾರಕ್ಕೆ ಕಳಿಸಿದ್ದ ರಹಸ್ಯ ವರದಿ 2010ರಲ್ಲಿ ವಿಕಿಲೀಕ್ಸ್ ಮೂಲಕ ಹೊರಬಂತು. ಸರಿಯಾದವರನ್ನು ಹೊಡೆದರೆ ತಕರಾರಿಲ್ಲ, ಸಂಸತ್ತಿನಲ್ಲಿ ಪ್ರತಿಭಟಿಸಿ ಆಮೇಲೆ ಸುಮ್ಮನಾಗುತ್ತೇವೆ ಎಂಬ ಅರ್ಥದಲ್ಲಿ ಪ್ರಧಾನಿ ಗಿಲಾನಿ ಹೇಳಿದರೆಂದು ಅದರಲ್ಲಿತ್ತು. ಹಗಲು ಬೇಲಿ, ರಾತ್ರಿ ಅಪ್ಪಣೆ. 2013ರಲ್ಲಿ ಪೇಶಾವರ ಹೈಕೋರ್ಟು ಈ ದಾಳಿಗಳು ಕಾನೂನುಬಾಹಿರ ಎಂದು ತೀರ್ಪು ಕೊಟ್ಟಿತು. ಆಗ ಅಲ್ಲಿನ ಸರ್ಕಾರ ತನ್ನದೇ ಕೋರ್ಟಿನ ಮುಂದೆ ಎಂಥ ಮುಜುಗರಕ್ಕೆ ಬಿದ್ದಿರಬೇಕು, ಯೋಚಿಸಿ. ನನ್ನ ಪ್ರಕಾರ ಅಪ್ಪಣೆ ಇದ್ದಲ್ಲಿ ಆ ದಾಳಿಗೆ ಒಂದು ಮಟ್ಟದ ಸಮರ್ಥನೆ ಸಿಗಬಹುದು, ಆದರೆ ಅದರಿಂದ ಜಗತ್ತಿಗೆಲ್ಲ ಅನ್ವಯಿಸುವ ಹಕ್ಕು ಹುಟ್ಟುವುದಿಲ್ಲ. ಅಪ್ಪಣೆ ಗುಟ್ಟಾಗಿದ್ದರೆ ಇದನ್ನು ಸಾಬೀತು ಮಾಡುವವರು ಯಾರು? ನೋಡಿದ ಉಳಿದ ದೇಶಗಳಿಗೆ ಕಂಡಿದ್ದು ಒಂದೇ: ದೊಡ್ಡವರು ಹೋದರು, ಯಾರೂ ತಡೆಯಲಿಲ್ಲ.

ಯಂತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರೀಪರ್ ಡ್ರೋನ್ 20 ಗಂಟೆಗೂ ಹೆಚ್ಚು ಆಕಾಶದಲ್ಲಿ ಸುತ್ತಬಲ್ಲದು, ಓಡಿಸುವವರು ಅಮೆರಿಕದ ನೆವಾಡದಲ್ಲಿ ಕೂತಿರುತ್ತಾರೆ, ಸಿಗ್ನಲ್ ಜರ್ಮನಿಯ ರಾಮ್‌ಸ್ಟೈನ್ ನೆಲೆ ಮೂಲಕ ಹೋಗುತ್ತದೆ. ನಮಗೆ ಬೇಕಾದ್ದು ಯಾರನ್ನು ಹೊಡೆಯುತ್ತಾರೆ ಅನ್ನುವುದು. ಹೆಸರು ಗೊತ್ತಿದ್ದವನನ್ನು ಹುಡುಕಿ ಹೊಡೆಯುವುದು ಒಂದು ಬಗೆ. ಹೆಸರು ಗೊತ್ತಿಲ್ಲ, ಆದರೆ ನಡವಳಿಕೆ ಅನುಮಾನ ಹುಟ್ಟಿಸುತ್ತದೆ ಎಂದು ಹೊಡೆಯುವುದು ಇನ್ನೊಂದು. ನಮ್ಮೂರಿನ ಠಾಣೆಯಲ್ಲಿ 'ನಡಿಗೆ ಸರಿ ಕಾಣಲಿಲ್ಲ ಸಾಹೇಬ್ರ' ಅಂತ ಯಾರನ್ನಾದರೂ ಎಳೆದು ತಂದರೆ ಒಂದು ಜಾಮೀನು ಅರ್ಜಿಗೆ ಮುಗಿಯುತ್ತದೆ. ಅಲ್ಲಿ ಜಾಮೀನಿಲ್ಲ. 2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಒಂದು ಬಿಳಿ ಟೊಯೋಟಾ ಕೊರೊಲಾವನ್ನು ಸುಮಾರು ಎಂಟು ಗಂಟೆ ಬೆನ್ನುಹತ್ತಿ ನೋಡಿದರು, ಕಾರಿಗೆ ತುಂಬಿದ ನೀರಿನ ಕ್ಯಾನುಗಳನ್ನು ಸ್ಫೋಟಕ ಅಂದುಕೊಂಡರು, ಮನೆಯಂಗಳಕ್ಕೆ ಬಂದು ನಿಂತಾಗ ಹೊಡೆದರು. ಸತ್ತವರು 10 ಜನ, ಅದರಲ್ಲಿ 7 ಮಕ್ಕಳು. ಕಾರಿನವನು ಕೆಲಸ ಮಾಡುತ್ತಿದ್ದದ್ದು ಅಮೆರಿಕದ್ದೇ ಒಂದು ನೆರವು ಸಂಸ್ಥೆಗೆ. ಮೊದಲು ಈ ದಾಳಿಯನ್ನು ಸರಿ ಅಂದವರು ಸೆಪ್ಟೆಂಬರ್ 17ಕ್ಕೆ ತಪ್ಪಾಯಿತು ಅಂದರು. ಅಷ್ಟಾದರೂ ಒಪ್ಪಿಕೊಂಡಿದ್ದು ಪತ್ರಕರ್ತರು ಬೆನ್ನು ಹತ್ತಿದ್ದಕ್ಕೆ. ಶಿಕ್ಷೆ ಯಾರಿಗೂ ಆಗಲಿಲ್ಲ.

ಲೆಕ್ಕದ ಮಾತಿಗೆ ಬರೋಣ. 2016ರಲ್ಲಿ ಒಬಾಮಾ ಸರ್ಕಾರ ಮೊದಲ ಸಲ ಅಂಕಿ ಕೊಟ್ಟಿತು: 2009ರಿಂದ 2015ರವರೆಗೆ ಯುದ್ಧಭೂಮಿಯ ಹೊರಗೆ 473 ದಾಳಿ, ಸತ್ತ ನಾಗರಿಕರು 64ರಿಂದ 116. ಲಂಡನ್ನಿನ ಪತ್ರಕರ್ತರ ಸಂಸ್ಥೆಯೊಂದು ಅದೇ ಅವಧಿಗೆ ಕೊಟ್ಟ ಲೆಕ್ಕ 380ರಿಂದ 801. ಯಾರ ಲೆಕ್ಕ ಸರಿ ಅನ್ನುವುದಕ್ಕಿಂತ, ಲೆಕ್ಕ ಕೊಡಬೇಕು ಎಂಬ ನಿಯಮ ಬಂತಲ್ಲ, ಅದು ನನಗೆ ದೊಡ್ಡದಾಗಿ ಕಂಡಿತ್ತು. 2019ರ ಮಾರ್ಚ್‌ನಲ್ಲಿ ಟ್ರಂಪ್ ಆ ನಿಯಮವನ್ನೇ ತೆಗೆದರು. ಅಮೆರಿಕದ ಪ್ರಭಾವ ಕುಗ್ಗಿದ್ದು ಡ್ರೋನ್ ಇಟ್ಟುಕೊಂಡಿದ್ದಕ್ಕಲ್ಲ, ಹೊಡೆದ ಮೇಲೆ ಬಾಯಿ ಮುಚ್ಚಿಕೊಂಡಿದ್ದಕ್ಕೆ ಅಂತ ನಾನು ಕ್ಲಾಸಿನಲ್ಲಿ ಹೇಳುತ್ತಲೇ ಇರುತ್ತೇನೆ. 2014ರಲ್ಲಿ ಅಮೆರಿಕದ ಪ್ಯೂ ಸಮೀಕ್ಷಾ ಸಂಸ್ಥೆ 44 ದೇಶಗಳಲ್ಲಿ ಜನರನ್ನು ಕೇಳಿದಾಗ 39ರಲ್ಲಿ ಈ ದಾಳಿಗಳಿಗೆ ವಿರೋಧವೇ ಜಾಸ್ತಿ ಇತ್ತು. ಮಿತ್ರದೇಶಗಳೂ ಅದರಲ್ಲಿದ್ದವು.

ಆದರೆ ಜನ ವಿರೋಧಿಸುವುದು ಬೇರೆ, ಸರ್ಕಾರಗಳು ಬರೆದು ವಿರೋಧಿಸುವುದು ಬೇರೆ. ದಾರಿ ಕೇಸಿನಲ್ಲೂ ಹಾಗೆ, ಊರವರೆಲ್ಲ ಬೈದರು ಅಂದರೆ ಜಡ್ಜ್ ಕೇಳುವುದಿಲ್ಲ, ನೋಟಿಸ್ ಕೊಟ್ಟಿದ್ದೀರಾ ಅಂತ ಕೇಳುತ್ತಾರೆ. 2012ರಲ್ಲಿ ಯೆಮನ್‌ನಲ್ಲಿ ಬಂಧುಗಳನ್ನು ಕಳೆದುಕೊಂಡವರು ರಾಮ್‌ಸ್ಟೈನ್ ಹೆಸರು ಹಿಡಿದು ಜರ್ಮನಿಯ ಕೋರ್ಟಿಗೆ ಹೋದರು. ಕೊನೆಗೆ 2025ರ ಜುಲೈ 15ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಅವರ ದೂರನ್ನು ತಳ್ಳಿಹಾಕಿತು. ಹೊರದೇಶದವರನ್ನು ಕಾಯುವ ಹೊಣೆ ಜರ್ಮನಿಗೂ ಇರಬಹುದು ಎಂದು ತಾತ್ವಿಕವಾಗಿ ಒಪ್ಪಿತು. ಆದರೆ ಅಮೆರಿಕದ ಕಾನೂನು ವಾದ ತೀರಾ ಒಪ್ಪಲಾಗದ್ದೇನಲ್ಲ ಎಂಬ ಅರ್ಥದಲ್ಲಿ ಮಾತಾಡಿತು. ಆ ತೀರ್ಪಿನ ಸುದ್ದಿ ಓದಿದ ದಿನ ನನ್ನ ತಲೆಯಲ್ಲಿ ಬಂದಿದ್ದು ಅದೇ ಗಾಲಿ ಜಾಡು.

ಒಮ್ಮೆ ಜಾಡು ಬಿದ್ದರೆ ಎಲ್ಲರ ಚಕ್ಕಡಿಯೂ ಬರುತ್ತದೆ. ಅಮೆರಿಕ ತನ್ನ ದೊಡ್ಡ ಡ್ರೋನ್‌ಗಳನ್ನು ಸುಲಭಕ್ಕೆ ಮಾರುತ್ತಿರಲಿಲ್ಲ, ದೊಡ್ಡ ಡ್ರೋನ್‌ಗಳಿಗೂ ಅನ್ವಯಿಸುವ 1987ರ ಕ್ಷಿಪಣಿ ನಿಯಂತ್ರಣ ಒಪ್ಪಂದ ಅಡ್ಡ ಇತ್ತು. ಆ ಒಪ್ಪಂದದಲ್ಲಿಲ್ಲದ ಚೀನಾ ಮಾರಿತು. ಒಪ್ಪಂದದಲ್ಲಿದ್ದೂ ಟರ್ಕಿ ಅದರ ಮಿತಿಯ ಕೆಳಗಿನ ಸಣ್ಣ ಬೈರಕ್ತಾರ್ ಟಿಬಿ2 ಮಾಡಿ 30ಕ್ಕೂ ಹೆಚ್ಚು ದೇಶಗಳ ಜೊತೆ ಒಪ್ಪಂದ ಮಾಡಿಕೊಂಡಿತು. 2020ರಲ್ಲಿ ಅಜರ್‌ಬೈಜಾನ್ 44 ದಿನಗಳಲ್ಲಿ ಅರ್ಮೇನಿಯವನ್ನು ಸೋಲಿಸುವಾಗ ಆ ಡ್ರೋನ್ ಜಗತ್ತಿಗೆಲ್ಲ ಪರಿಚಯವಾಯಿತು. ಸರ್ಕಾರಗಳು ಡ್ರೋನ್‌ಗಳನ್ನು ತಮ್ಮದೇ ನೆಲದಲ್ಲೂ ಬಳಸಿದವು. 2022ರ ಜನವರಿಯಲ್ಲಿ ಇಥಿಯೋಪಿಯದ ಟಿಗ್ರೆಯಲ್ಲಿ ನಿರಾಶ್ರಿತರ ಶಿಬಿರದ ಮೇಲೆ ದಾಳಿಯಾಗಿ 50ಕ್ಕೂ ಹೆಚ್ಚು ಜನ ಸತ್ತರು. 2023ರ ಡಿಸೆಂಬರ್‌ನಲ್ಲಿ ನೈಜೀರಿಯದ ಸೇನೆ ಕಡುನಾ ರಾಜ್ಯದಲ್ಲಿ ಧಾರ್ಮಿಕ ಸಭೆಗೆ ಸೇರಿದ್ದ ತನ್ನದೇ ಹಳ್ಳಿಗರನ್ನು ಉಗ್ರರೆಂದು ತಿಳಿದು ಹೊಡೆಯಿತು, ಕನಿಷ್ಠ 85 ಜನ ಹೋದರು.

ಪ್ರಭಾವ ಅನ್ನುವುದು ಎರಡೂ ಕಡೆ ಕೊಯ್ಯುತ್ತದೆ. ಡ್ರೋನ್ ಮಾರಿ ಟರ್ಕಿ ಆಫ್ರಿಕದಲ್ಲಿ ಗೆಳೆಯರನ್ನು ಮಾಡಿಕೊಂಡಿತು. 2025ರ ಮೇನಲ್ಲಿ ಪಾಕಿಸ್ತಾನ ನಮ್ಮ 36 ಜಾಗಗಳತ್ತ 300ರಿಂದ 400 ಡ್ರೋನ್ ಬಿಟ್ಟಿತು, ಟರ್ಕಿಯವು ಎಂದು ಕಾಣುತ್ತದೆ ಅಂತ ನಮ್ಮ ಸೇನೆ ಹೇಳಿತು. ಒಂದು ವಾರದೊಳಗೆ ಟರ್ಕಿಯ ವಿಮಾನನಿಲ್ದಾಣ ಸೇವಾ ಕಂಪನಿ ಸೆಲೆಬಿಯ ಭದ್ರತಾ ಅನುಮತಿ ರದ್ದಾಯಿತು, ವ್ಯಾಪಾರಿಗಳು ಟರ್ಕಿ ಸೇಬು ಬೇಡ ಅಂದರು. ಹುಬ್ಬಳ್ಳಿಯಲ್ಲಿ ನಾನು ಯಾವಾಗಲೂ ಹಣ್ಣು ತಗೊಳ್ಳುವ ಗಾಡಿಯವನೂ "ಟರ್ಕೀದು ಅಲ್ರಿ ಸರ, ಕಾಶ್ಮೀರದ್ದು" ಅಂತ ಕೇಳದೇ ಹೇಳಿದ. ಮೇ ತಿಂಗಳಲ್ಲಿ ಕಾಶ್ಮೀರದ ಸೇಬು ಎಲ್ಲಿಂದ ಬಂತೋ, ಕೋಲ್ಡ್ ಸ್ಟೋರೇಜಿಗೇ ಗೊತ್ತು.

ಇದರಿಂದ ಯುದ್ಧ ಜಾಸ್ತಿ ಆಗುತ್ತದೋ ಕಡಿಮೆ ಆಗುತ್ತದೋ? ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಅಡ್ಡಾದಿಡ್ಡಿ. 2019ರ ಜೂನ್ 20ರಂದು ಇರಾನ್ ಅಮೆರಿಕದ ಗ್ಲೋಬಲ್ ಹಾಕ್ ಡ್ರೋನನ್ನು ಹೊಡೆದುರುಳಿಸಿತು. ಟ್ರಂಪ್ ಪ್ರತಿದಾಳಿಗೆ ಸಿದ್ಧವಾಗಿ ಕೊನೆಗಳಿಗೆಯಲ್ಲಿ ನಿಲ್ಲಿಸಿದರು. ಡ್ರೋನಿನಲ್ಲಿ ಮನುಷ್ಯರಿಲ್ಲ, ಪ್ರತಿಯಾಗಿ 150 ಜನ ಸಾಯುತ್ತಾರೆ ಅಂದರೆ ಅದು ಅತಿಯಾಯಿತು ಅಂದರು. ಅಲ್ಲಿ ಪೈಲಟ್ ಇದ್ದಿದ್ದರೆ? ಅಂದರೆ ಖಾಲಿ ಯಂತ್ರ ಒಮ್ಮೊಮ್ಮೆ ಜಗಳದ ಬಿಸಿ ಹೀರಿಕೊಳ್ಳುತ್ತದೆ. ಏಳು ತಿಂಗಳೊಳಗೆ, 2020ರ ಜನವರಿ 3ರಂದು, ಅದೇ ಅಮೆರಿಕ ಬಾಗ್ದಾದ್ ವಿಮಾನನಿಲ್ದಾಣದ ಬಳಿ ಇರಾನಿನ ಜನರಲ್ ಖಾಸಿಂ ಸುಲೇಮಾನಿಯನ್ನು ಡ್ರೋನಿನಿಂದ ಕೊಂದಿತು. ಒಬ್ಬ ಉಗ್ರನನ್ನಲ್ಲ, ಒಂದು ದೇಶದ ಅಧಿಕೃತ ಸೇನಾನಿಯನ್ನು, ಮೂರನೇ ದೇಶದ ನೆಲದಲ್ಲಿ. ಜನವರಿ 8ಕ್ಕೆ ಇರಾನ್ ಇರಾಕಿನ ಅಮೆರಿಕನ್ ನೆಲೆಗೆ ಕ್ಷಿಪಣಿ ಬಿಟ್ಟಿತು. ಅದೇ ಬೆಳಗ್ಗೆ ಗಾಬರಿಯಲ್ಲಿ ತನ್ನದೇ ರಾಜಧಾನಿಯಿಂದ ಮೇಲೆದ್ದ ಉಕ್ರೇನಿನ ಪ್ರಯಾಣಿಕರ ವಿಮಾನವನ್ನು ಉರುಳಿಸಿತು, 176 ಜನ ಸತ್ತರು. ವಕೀಲನಾಗಿ ನನಗೆ ಮರೆಯಲಾಗದ್ದು ಏನಂದರೆ, ಆ ದಿನಾಂಕದಲ್ಲೇ ಎರಡೂ ದೇಶಗಳು ಭದ್ರತಾ ಮಂಡಳಿಗೆ ಪತ್ರ ಬರೆದವು, ಎರಡೂ ಪತ್ರದಲ್ಲಿ 51ನೇ ವಿಧಿಯೇ ಇತ್ತು.

ದೂರದ ಜಗಳ ಅನ್ನಬೇಡಿ. ಯೆಮನ್ನಿನ ಹೂಥಿ ಬಂಡುಕೋರರು 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಡ್ರೋನ್, ಕ್ಷಿಪಣಿ ಹಿಡಿದು ಹಡಗುಗಳ ಬೆನ್ನು ಹತ್ತಿದರು. ಹಡಗುಗಳು ಆಫ್ರಿಕ ಸುತ್ತಿ ಹೋಗತೊಡಗಿದವು, ಹತ್ತು ಹದಿನೈದು ದಿನ ಜಾಸ್ತಿ. ಆಗ ಬ್ಯಾಡಗಿ ಕಡೆಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಒಂದು ಕರಾರು ಹಿಡಿದು ನನ್ನ ಆಫೀಸಿಗೆ ಬಂದಿದ್ದರು. ಯುರೋಪಿಗೆ ಮಾಲು, ಹಡಗಿನ ಬಾಡಿಗೆ ಸೇರಿಸಿಯೇ ದರ ಒಪ್ಪಿಕೊಂಡಿದ್ದಾರೆ, ಈಗ ಬಾಡಿಗೆ ಏರಿದೆ. "ಯುದ್ಧ ಆತಂದ್ರ ಕರಾರು ಬಿಡಬಹುದಲ್ರಿ?" ಅಂದರು. ಮಾಲು ತಲುಪಿಸಲು ದಾರಿ ಇದೆ, ಸುತ್ತು ಜಾಸ್ತಿ ಅಷ್ಟೆ, ಹಾಗಾಗಿ ಬಿಡಲು ಬರುವುದಿಲ್ಲ ಅಂತ ಹೇಳಬೇಕಾಯಿತು. ಪಾಪ, ಮುಖ ನೋಡಲಾಗಲಿಲ್ಲ.

ನಮ್ಮ ಹಿರಿಯರು ಅವತ್ತು ವರಾಂಡದಲ್ಲಿ ಇನ್ನೊಂದು ಕೇಳಿದ್ದರು: "ನಮ್ಮ ದೇಶ ಏನಂತೈತ್ರಿ?" 2021ರಲ್ಲಿ ವಿಶ್ವಸಂಸ್ಥೆಯ ಒಂದು ಚರ್ಚೆಯಲ್ಲಿ ಭಾರತ ಹೇಳಿದ್ದನ್ನು ತಿಳಿಸಿದೆ. ಉಗ್ರರು ಮತ್ತೆ ಮತ್ತೆ ದಾಳಿ ಮಾಡುತ್ತಿದ್ದರೆ, ಅವರಿಗೆ ನೆಲೆ ಕೊಟ್ಟ ದೇಶ ತಡೆಯದೆ ಬೆಂಬಲಿಸುತ್ತಿದ್ದರೆ, ಆತ್ಮರಕ್ಷಣೆಯ ಹಕ್ಕು ಇದೆ ಅಂತ. ನಾವು ಪಟ್ಟ ಪಾಡು ನೋಡಿದರೆ ಆ ಮಾತು ನನಗೆ ನ್ಯಾಯವೇ ಅನಿಸುತ್ತದೆ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದಿಂದ 31 ಎಂಕ್ಯೂ-9ಬಿ ಡ್ರೋನ್ ಕೊಳ್ಳಲು ಸಹಿಯಾಗಿದೆ, ನೌಕಾಪಡೆಗೆ 15, ಭೂಸೇನೆ ಮತ್ತು ವಾಯುಪಡೆಗೆ ತಲಾ 8, ಬೆಲೆ ಸುಮಾರು 32,000 ಕೋಟಿ ರೂಪಾಯಿ. ಬರಲಿ. ಹೊಡೆಯಲು ಅಪ್ಪಣೆ ಕೊಡುವವರು ಯಾರು, ತಪ್ಪಾದರೆ ತನಿಖೆ ಯಾರದು, ಲೆಕ್ಕ ಯಾರ ಮುಂದೆ ಇಡಬೇಕು, ಈ ಮೂರು ಡ್ರೋನಿಗಿಂತ ಮೊದಲೇ ಬರಲಿ ಎಂಬುದು ನನ್ನ ಆಸೆ. ಅಮೆರಿಕ ಇದನ್ನು ತಿರುವುಮುರುವು ಮಾಡಿತು. ದಾಳಿ ಶುರುವಾಗಿ ಹನ್ನೊಂದು ವರ್ಷದ ಮೇಲೆ, 2013ರಲ್ಲಿ, ನಿಯಮ ಬರೆಯಿತು.

ಹಿಂದಿನ ಶನಿವಾರ ಹುಬ್ಬಳ್ಳಿಯಲ್ಲಿ ಹುಡುಗರಿಗೆ ಒಂದು ಕೆಲಸ ಕೊಟ್ಟಿದ್ದೆ. ಒಂದು ಕಾಲ್ಪನಿಕ ದೇಶ ಗಡಿಯಾಚೆ ಡ್ರೋನ್ ದಾಳಿ ಮಾಡಿದೆ, ಅದರ ಪರವಾಗಿ ಭದ್ರತಾ ಮಂಡಳಿಗೆ ಪತ್ರ ಬರೆಯಿರಿ. ಬೆದರಿಕೆ ಎಷ್ಟು ದೊಡ್ಡದು ಅನ್ನುವುದನ್ನು ಎಲ್ಲರೂ ಎರಡೆರಡು ಪುಟ ಬರೆದಿದ್ದರು. ಬೇರೆ ಯಾರಾದರೂ ಸತ್ತರಾ ಅಂತ ಬರೆದವರು ಇಬ್ಬರೇ. ಅದರಲ್ಲಿ ಒಬ್ಬಳು, ನವಲಗುಂದದ ಹುಡುಗಿ, 'ತನಿಖೆ ನಡೆಯುತ್ತಿದೆ' ಅಂತ ಬರೆದಿದ್ದಳು. ಯಾರು ನಡೆಸುತ್ತಿದ್ದಾರಮ್ಮಾ ಅಂದೆ. "ಸರ್, ಯಾರು ನಡಸಬೇಕು ಅಂತ ನಿಯಮ ಎಲ್ಲೈತ್ರಿ? ನೀವು ಕೊಟ್ಟ ಪ್ರಶ್ನೆದಾಗ ಇರಲಿಲ್ಲ."

ಇರಲಿಲ್ಲ, ನಿಜ. ಆ ನಿಯಮವನ್ನು ಅವಳೇ ಬರೆದು ತರುತ್ತೇನೆ ಅಂದಿದ್ದಾಳೆ.