ರೋಗ ಕಾಣುತ್ತಿಲ್ಲ ಎಂದ ಮೇಲೂ ಎರಡು ವರ್ಷ ಔಷಧವೇಕೆ?

ಪ್ರಶ್ನೆ: ನಮ್ಮ ನಾಲ್ಕು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್, ಎಎಲ್ಎಲ್ ಎನ್ನುವ ಬಗೆ. ಚಿಕಿತ್ಸೆಯ ಮೊದಲ ತಿಂಗಳು ಮುಗಿಯುತ್ತಲೇ ಅಸ್ಥಿಮಜ್ಜೆಯಲ್ಲಿ ರೋಗ ಕಾಣುತ್ತಿಲ್ಲ ಎಂದರು. ಜೊತೆಗೇ, ಇನ್ನೂ ಎರಡು ವರ್ಷಕ್ಕೂ ಮೇಲೆ ಔಷಧ ಎಂದರು. ದೊಡ್ಡ ಮಗ ‘ಅವಳು ವಾಸಿಯಾದಳಲ್ಲ, ಮತ್ತೇಕೆ ಆಸ್ಪತ್ರೆ?’ ಎನ್ನುತ್ತಾನೆ. ನಿಜ ಹೇಳಬೇಕೆಂದರೆ ನಮ್ಮ ಪ್ರಶ್ನೆಯೂ ಅದೇ.

ಉತ್ತರ: ವೈದ್ಯರು ಹೇಳಿದ್ದು ‘ಕಾಣುತ್ತಿಲ್ಲ’ ಎಂದು; ಮನೆಮಂದಿಯ ಕಿವಿಗೆ ಬಿದ್ದದ್ದು ‘ಇಲ್ಲ’ ಎಂದು. ಆ ಒಂದು ತಿಂಗಳನ್ನು ಕಳೆದು ಬಂದ ಯಾರಿಗಾದರೂ ಹಾಗೆಯೇ ಕೇಳಿಸುತ್ತದೆ.

ರೋಗ ಪತ್ತೆಯಾದ ದಿನ ಮಗುವಿನ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಕಣಗಳಿರುತ್ತವೆ. ಮೊದಲ ನಾಲ್ಕು ವಾರಗಳ ಸ್ಟೀರಾಯ್ಡ್, ವಿನ್‌ಕ್ರಿಸ್ಟಿನ್, ಆಸ್ಪರಾಜಿನೇಸ್ ಎಂಬ ಔಷಧಗಳ ಹೊಡೆತಕ್ಕೆ ಅವುಗಳಲ್ಲಿ ಬಹುಪಾಲು ಸಾಯುತ್ತವೆ. ಮಜ್ಜೆಯಲ್ಲಿ ಕೆಟ್ಟ ಕಣಗಳು ನೂರಕ್ಕೆ ಐದಕ್ಕಿಂತ ಕಡಿಮೆಯಾಗಿ, ಒಳ್ಳೆಯ ರಕ್ತ ಮತ್ತೆ ಹುಟ್ಟತೊಡಗಿದರೆ ಅದನ್ನು ರೆಮಿಷನ್ ಎನ್ನುತ್ತಾರೆ. ಸೂಕ್ಷ್ಮದರ್ಶಕಕ್ಕೆ ಏನೂ ಕಾಣದ ಆ ದಿನವೂ ಸಾವಿರ ಕೋಟಿಯವರೆಗೆ ಕಣಗಳು ಉಳಿದಿರಬಹುದು. ಈಗ ಅಳಿದುಳಿದ ರೋಗವನ್ನು ಹುಡುಕುವ ಎಂಆರ್‌ಡಿ ಪರೀಕ್ಷೆ ಹತ್ತು ಸಾವಿರದಲ್ಲಿ ಒಂದು ಕಣವನ್ನೂ ಹಿಡಿಯುತ್ತದೆ. ಹಾಗಿದ್ದೂ ಅದರ ಬಲೆಯಿಂದ ನುಸುಳುವಷ್ಟು ಉಳಿದುಕೊಂಡಿರುವ ಸಾಧ್ಯತೆ ಇದ್ದೇ ಇದೆ. ಮೇಲೆ ಕತ್ತರಿಸಿದ ಗರಿಕೆಯ ಹಾಗೆ, ಬೇರು ಉಳಿದರೆ ಮತ್ತೆ ಚಿಗುರುತ್ತದೆ.

ಇದು ಊಹೆಯಲ್ಲ, ನೋವಿನಿಂದ ಕಲಿತದ್ದು. 1948ರಲ್ಲಿ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅಮಿನೋಪ್ಟೆರಿನ್ ಎಂಬ ಔಷಧದಿಂದ ಲ್ಯುಕೇಮಿಯಾದ ಮಕ್ಕಳು ಚೇತರಿಸಿಕೊಂಡದ್ದನ್ನು ಪ್ರಕಟಿಸಿದರು. ಚೇತರಿಕೆ ತಿಂಗಳುಗಳಷ್ಟೇ ಉಳಿಯಿತು, ರೋಗ ಮರಳಿತು. ಮುಂದೆ ಔಷಧಗಳು ಹೆಚ್ಚಿದರೂ ಮಿದುಳು, ಬೆನ್ನುಹುರಿಗಳ ಸುತ್ತಲಿನ ದ್ರವದಲ್ಲಿ ಅಡಗಿದ ಕಣಗಳು ಕೈಗೆ ಸಿಗಲಿಲ್ಲ, ರಕ್ತದಲ್ಲಿ ಹರಿಯುವ ಬಹುತೇಕ ಔಷಧಗಳು ಅಲ್ಲಿಗೆ ಸಾಕಷ್ಟು ತಲುಪುವುದೇ ಇಲ್ಲ. ನಿಮ್ಮ ಮಗಳ ಬೆನ್ನಿಗೆ ಸೂಜಿ ಚುಚ್ಚಿ ಮೆಥೊಟ್ರೆಕ್ಸೇಟ್ ಎಂಬ ಔಷಧ ಕೊಡುವುದು ಇದೇ ಕಾರಣಕ್ಕೆ. ಇಂದು ಒಳ್ಳೆಯ ಸೌಲಭ್ಯವಿರುವಲ್ಲಿ ಈ ರೋಗದ ಹತ್ತು ಮಕ್ಕಳಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳು ಪೂರ್ತಿ ಗುಣವಾಗುತ್ತಾರೆ. ಅದರಲ್ಲಿ ಈ ಬೇಸರ ತರುವ ದೀರ್ಘ ಅವಧಿಯ ಪಾಲು ದೊಡ್ಡದು.

ಇನ್ನು ಮನೆಯ ಮಾತು. ಕೊನೆಯ ಹಂತವಾದ ಮೇಂಟೆನೆನ್ಸ್‌ನಲ್ಲಿ ಬಹುಪಾಲು ಚಿಕಿತ್ಸೆ ನಡೆಯುವುದು ಆಸ್ಪತ್ರೆಯಲ್ಲಲ್ಲ, ನಿಮ್ಮ ಅಡುಗೆಮನೆಯ ಕಪಾಟಿನಲ್ಲಿ. ಮರ್ಕ್ಯಾಪ್ಟೊಪ್ಯೂರಿನ್ ಪ್ರತಿದಿನ, ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಇವೆರಡೂ ಅದಲುಬದಲಾಗಬಾರದು; ವಾರದ ಮಾತ್ರೆಯನ್ನು ದಿನವೂ ಕೊಟ್ಟರೆ ಪ್ರಾಣಕ್ಕೇ ಅಪಾಯ. ಮಗು ಆಡಿಕೊಂಡಿರುತ್ತದೆ, ಕೂದಲು ಮತ್ತೆ ಬಂದಿರುತ್ತದೆ, ಒಂದು ರಾತ್ರಿ ಮಾತ್ರೆ ತಪ್ಪುತ್ತದೆ, ಆಮೇಲೆ ಇನ್ನೊಂದು ರಾತ್ರಿ. ನೂರು ಮಾತ್ರೆಯಲ್ಲಿ ಐದಕ್ಕಿಂತ ಹೆಚ್ಚು ತಪ್ಪಿದ ಮಕ್ಕಳಲ್ಲಿ ರೋಗ ಮರಳುವ ಸಂಭವ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಗೋಡೆಗೆ ಒಂದು ಕ್ಯಾಲೆಂಡರ್, ದಾರದಲ್ಲಿ ಕಟ್ಟಿದ ಪೆನ್ಸಿಲ್, ಮಾತ್ರೆ ನುಂಗಿದ ಮೇಲೆಯೇ ಗುರುತು: ಮೊಬೈಲ್ ಅಲಾರಂಗಿಂತ ನನಗೆ ಇದರ ಮೇಲೆ ನಂಬಿಕೆ ಹೆಚ್ಚು. ಅಲಾರಂ ನಿಲ್ಲಿಸಿ ‘ಈಗ ಕೊಡುತ್ತೇನೆ’ ಎಂದು ಮರೆತವರು ಎಷ್ಟೋ ಮಂದಿ.

ಜ್ವರ ಬಂದರೆ ಕಾದು ನೋಡುವ ಪ್ರಶ್ನೆಯೇ ಇಲ್ಲ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿತೆಂದರೆ ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಕರೆ ಮಾಡಿ ಹೊರಡಿ. ಬಿಳಿ ರಕ್ತಕಣ ಕುಸಿದ ಮಗುವಿಗೆ ಸೋಂಕು ಗಂಟೆಗಳಲ್ಲಿ ಏರುತ್ತದೆ. ಕೇಳದೆ ಪ್ಯಾರಸಿಟಮಾಲ್ ಕೊಟ್ಟರೆ ಜ್ವರ ಮುಚ್ಚಿಹೋಗಿ ಅಪಾಯ ಕಾಣದೆ ಉಳಿಯುತ್ತದೆ. ಸ್ಟೀರಾಯ್ಡ್ ದಿನಗಳಲ್ಲಿ ಅವಳು ನಡುರಾತ್ರಿ ಎದ್ದು ಊಟ ಕೇಳಿದರೆ, ಕಾರಣವಿಲ್ಲದೆ ಕಿರುಚಿದರೆ ಗದರಬೇಡಿ, ಅದು ಔಷಧದ ಕೋಪ.

ಉಳಿದದ್ದು ನಿಮ್ಮ ಮಗ. ‘ಅವಳು ವಾಸಿಯಾದಳು’ ಎಂದು ಈಗಲೇ ಹೇಳಬೇಡಿ. ‘ಕೆಟ್ಟ ಕಣಗಳು ಕಣ್ಣಾಮುಚ್ಚಾಲೆ ಆಡುತ್ತಿವೆ, ಕೆಲವು ಇನ್ನೂ ಅಡಗಿರಬಹುದು, ಔಷಧ ಹುಡುಕುತ್ತಿದೆ’ ಎನ್ನಿ. ಅಷ್ಟು ಸಾಕು, ಅದು ಸುಳ್ಳೂ ಅಲ್ಲ. ಇದು ಅಂಟುರೋಗವಲ್ಲ, ಅವನು ಅವಳ ಜೊತೆ ಜಗಳವಾಡಿದ್ದಕ್ಕೆ ಬಂದದ್ದಲ್ಲ ಎಂಬುದನ್ನು ಅವನು ಕೇಳದಿದ್ದರೂ ಹೇಳಿ. ಮಕ್ಕಳು ಹಾಗೆಂದುಕೊಂಡು ಬಾಯಿ ಬಿಡದೆ ಕೂತಿರುತ್ತಾರೆ. ಮಾತ್ರೆ ಮುಟ್ಟುವ ಕೆಲಸ ದೊಡ್ಡವರದೇ ಆಗಿರಲಿ, ಆದರೆ ಕ್ಯಾಲೆಂಡರಿನ ಪೆನ್ಸಿಲ್ ಅವನ ಕೈಯಲ್ಲಿರಲಿ.