ಬಸಪ್ಪ ಹೋದ, ರಿಷಭ ಬಂದ

ಮೊಮ್ಮಗನಿಗೆ ‘ಬಸವರಾಜ’ ಎಂದು ಹೆಸರಿಡಿ ಎಂದು ಅಜ್ಜ ಕೇಳುತ್ತಾರೆ. ಅದು ತೀರ ಹಳೆಯದಾಯಿತು ಎಂದು ಮಗ-ಸೊಸೆ ‘ರಿಷಭ್’ ಎಂದು ಇಡುತ್ತಾರೆ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ನಡೆಯುವ ಈ ಚಿಕ್ಕ ಜಗಳದಲ್ಲಿ ಇಬ್ಬರೂ ಗಮನಿಸದ ಸಂಗತಿಯೊಂದಿದೆ. ಬೇಡವೆಂದು ಬಿಟ್ಟದ್ದು ಗೂಳಿ, ಬೇಕೆಂದು ತಂದದ್ದೂ ಗೂಳಿಯೇ. ಋಷಭ, ವೃಷಭ ಎರಡೂ ಋಗ್ವೇದದಲ್ಲೇ ಗೂಳಿಗೆ ಇರುವ ಹೆಸರುಗಳು. ಪಾಲಿ ಭಾಷೆಯಲ್ಲಿ ಮೊದಲನೆಯದು ‘ಉಸಭ’ ಆಯಿತು, ಎರಡನೆಯದು ‘ವಸಭ’ ಆಯಿತು. ಪ್ರಾಕೃತದಲ್ಲಿ ಅದು ‘ವಸಹ’. ಅದೇ ಕನ್ನಡದ ಬಾಯಲ್ಲಿ ‘ಬಸವ’.

ಸಂಸ್ಕೃತದ ಈ ಎರಡೂ ಪದಗಳ ಕೊನೆಯಲ್ಲಿರುವ ‘ಭ’ವನ್ನು ಗಮನಿಸಿ. ಗರ್ದಭ, ರಾಸಭ, ಶರಭ, ಕರಭ, ಕಲಭ: ಎಲ್ಲವೂ ಪ್ರಾಣಿಗಳೇ. ಪ್ರಾಣಿಗಳ ಹೆಸರಿಗೆ ಅಂಟಿಕೊಳ್ಳುತ್ತಿದ್ದ ಬಹಳ ಹಳೆಯ ಪ್ರತ್ಯಯವದು. ಅದೇ ‘ಭ’ ಕನ್ನಡದಲ್ಲಿ ಸವೆದು ಬಸವನ ಕೊನೆಯ ‘ವ’ ಆಗಿ ಕುಳಿತಿದೆ. ಮೊದಲಿನ ‘ವ’ ಮಾತ್ರ ‘ಬ’ ಆಯಿತು, ಏಕೆಂದರೆ ಪದದ ಆರಂಭದ ವಕಾರವನ್ನು ಬಕಾರ ಮಾಡುವುದು ಕನ್ನಡದ ಹುಟ್ಟುಗುಣ. ವನ ಬನವಾಯಿತು, ವರ್ಣ ಬಣ್ಣವಾಯಿತು, ವಸತಿ ಬಸದಿಯಾಯಿತು, ವೈದ್ಯ ಬೆಜ್ಜನಾದ. ಎರವಲು ಪದಗಳಿಗಷ್ಟೇ ಈ ಗತಿಯಲ್ಲ. ತಮಿಳಿನ ‘ವಾ’ ನಮ್ಮಲ್ಲಿ ‘ಬಾ’, ಅವರ ‘ವಾಯ್’ ನಮ್ಮ ‘ಬಾಯಿ’. ಇದೇ ಹೆಸರು ನಮ್ಮ ದಕ್ಷಿಣಕ್ಕೂ ಹೋಗಿತ್ತು. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಶ್ರೀಲಂಕಾದ ಅನುರಾಧಪುರದಲ್ಲಿ ಆಳಲು ಆರಂಭಿಸಿದ ಒಬ್ಬ ರಾಜನ ಹೆಸರು ವಸಭ. ಅಲ್ಲಿನವರು ವಕಾರವನ್ನು ಉಳಿಸಿಕೊಂಡರು, ನಾವು ಬದಲಿಸಿದೆವು.

ಹೀಗಿರುವಾಗ ‘ಬಸವ’ ಎಂಬ ಹೆಸರು ಬಸವಣ್ಣನವರಿಂದಲೇ ಹುಟ್ಟಿತು ಎಂಬ ನಂಬಿಕೆಯನ್ನು ಬಿಡಬೇಕಾಗುತ್ತದೆ. ಅವರಿಗೇ ಆ ಹೆಸರು ನಂದಿಯಿಂದ ಬಂತು. 13ನೇ ಶತಮಾನದ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವೂ ಅದನ್ನು ಅನುಸರಿಸಿ 1369ರಲ್ಲಿ ಭೀಮಕವಿ ಬರೆದ ಕನ್ನಡ ಬಸವಪುರಾಣವೂ ಅವರನ್ನು ನಂದಿಯ ಅವತಾರವೆಂದೇ ಹೇಳುತ್ತವೆ. ಜೈನರ ಆದಿತೀರ್ಥಂಕರ ಋಷಭನಾಥನ ಲಾಂಛನವೂ ಗೂಳಿಯೇ. ಜನಸಾಮಾನ್ಯರ ಮಾತಿನಲ್ಲಿ ಈ ಪದ ಇನ್ನೂ ಹಟ್ಟಿಯನ್ನು ಬಿಟ್ಟಿಲ್ಲ. ಮಂಡ್ಯ ಸೀಮೆಯಲ್ಲಿ ದೇವರಿಗೆ ಬಿಟ್ಟ ಗೂಳಿ ಬಸವ. ಮನೆ ಬಾಗಿಲಿಗೆ ಬಂದು ತಲೆಯಾಡಿಸುವುದು ಕೋಲೆ ಬಸವ. ಎರಡು ಕೋಡು ಚಾಚಿಕೊಂಡು ತೆವಳುವ ಪುಟ್ಟ ಜೀವಿಯೂ ಬಸವನ ಹುಳು.

ಹಾಗೆಂದು ಬಸವಣ್ಣನವರ ಪಾತ್ರವನ್ನು ಕುಗ್ಗಿಸಲಾಗದು. 12ನೇ ಶತಮಾನದ ಕಲ್ಯಾಣದ ನಂತರ ಈ ಹೆಸರಿಗೆ ಬಂದ ಬಲ ದನದ ಕೊಟ್ಟಿಗೆಯಿಂದ ಬಂದದ್ದಲ್ಲ. ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನದಲ್ಲಿ ಅವರ ವಂಶದ ಉಲ್ಲೇಖವಿದೆ. ಹರಿಹರನ ಬಸವರಾಜದೇವರ ರಗಳೆಯಲ್ಲಿ ಆ ಹೆಸರಿಗೆ ‘ರಾಜ’ ಸೇರಿದೆ. ಮುಂದಿನ ಶತಮಾನಗಳಲ್ಲಿ ಒಂದು ಬೇರಿನಿಂದ ಎಷ್ಟು ಕವಲು! ಬಸಪ್ಪ, ಬಸವ್ವ, ಬಸಮ್ಮ, ಬಸಯ್ಯ, ಬಸಲಿಂಗಪ್ಪ, ಬಸವಂತಪ್ಪ, ಬಸವಣ್ಣೆಪ್ಪ, ಬಸನಗೌಡ, ತೆಲುಗಿನಲ್ಲಿ ಬಸವಯ್ಯ. ಈ ಕವಲುಗಳಲ್ಲಿ ಒಂದರ ಮೇಲೆ ಕಪ್ಪು ನೆರಳಿದೆ. ಬಳ್ಳಾರಿ ಸೀಮೆಯಲ್ಲಿ ಹೆಣ್ಣುಮಕ್ಕಳನ್ನು ಗೂಳಿಯಂತೆ ದೇವರಿಗೆ ಬಿಟ್ಟು ‘ಬಸವಿ’ ಎಂದು ಕರೆಯುತ್ತಿದ್ದರು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ ಬಂದದ್ದು 1982ರಲ್ಲಿ.

ಇನ್ನು ಈ ಹೆಸರಿನ ಏರಿಳಿತಕ್ಕೆ ಬರೋಣ. ಸಾರ್ವಜನಿಕ ಬದುಕಿನ ಒಂದೇ ಕುಟುಂಬದಲ್ಲಿ ಅದರ ರೇಖೆ ಸ್ಪಷ್ಟವಾಗಿ ಕಾಣುತ್ತದೆ. ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ತಂದೆ ರಾಯಪ್ಪ. ಬೊಮ್ಮಾಯಿಯವರ ಸ್ವಂತ ಹೆಸರು ಸೋಮಪ್ಪ. 1960ರಲ್ಲಿ ಹುಟ್ಟಿದ ಅವರ ಮಗ ಬಸವರಾಜ. ಮೊಮ್ಮಗ ಭರತ್. ಅಪ್ಪ, ಅಪ್ಪ, ರಾಜ, ಆಮೇಲೆ ಯಾವ ಬಾಲವೂ ಇಲ್ಲ. 1912ರಲ್ಲಿ ಜಮಖಂಡಿ ಬಳಿಯ ಸಾವಳಗಿಯಲ್ಲಿ ಹುಟ್ಟಿ ಉಪರಾಷ್ಟ್ರಪತಿಯಾದ ಬಿ.ಡಿ. ಜತ್ತಿಯವರು ಬಸಪ್ಪ ದಾನಪ್ಪ ಜತ್ತಿ. ಅವರು ಐವತ್ತು ವರ್ಷ ತಡವಾಗಿ ಹುಟ್ಟಿದ್ದರೆ ಬಸವರಾಜ ಆಗಿರುವ ಸಂಭವವೇ ಹೆಚ್ಚು.

ಮೊದಲು ಹೆಸರುಗಳು ಇಷ್ಟು ಅಲುಗಾಡದೆ ನಿಂತದ್ದಕ್ಕೆ ಒಂದು ಪದ್ಧತಿ ಕಾರಣ. ಅಜ್ಜನ ಹೆಸರು ಮೊಮ್ಮಗನಿಗೆ, ಅಜ್ಜಿಯ ಹೆಸರು ಮೊಮ್ಮಗಳಿಗೆ. ಹೀಗೆ ಮಾಡಿದರೆ ಪ್ರತಿ ಹೆಸರೂ ಎರಡು ತಲೆಮಾರಿಗೊಮ್ಮೆ ಮರಳಿ ಬರುತ್ತದೆ, ಹೊಸದು ಒಳಗೆ ಬರಲು ಜಾಗವೇ ಇರುವುದಿಲ್ಲ. ಈ ಪದ್ಧತಿ ಸಡಿಲವಾದೊಡನೆ ತಂದೆತಾಯಿ ಹೆಸರನ್ನು ಮನೆಯ ಹೊರಗೆ ಹುಡುಕತೊಡಗಿದರು. ಹುಡುಕುವುದೆಂದರೆ ಹೆಚ್ಚಿನ ಮಟ್ಟಿಗೆ ನಕಲು ಮಾಡುವುದು: ಪಕ್ಕದ ಮನೆಯಿಂದ, ಶಾಲೆಯಿಂದ, ಸಿನಿಮಾದಿಂದ.

ನನಗೆ ಅತ್ಯಂತ ಪ್ರಿಯವಾದ ವಿಚಾರ ಇಲ್ಲಿದೆ. ಯಾರಿಗೂ ಯಾವ ಹೆಸರಿನ ಮೇಲೂ ವಿಶೇಷ ಒಲವಿಲ್ಲ, ಎಲ್ಲರೂ ಕಣ್ಣುಮುಚ್ಚಿ ನಕಲು ಮಾಡುತ್ತಾರೆ ಎಂದುಕೊಳ್ಳಿ. ಆಗಲೂ ಕೆಲವು ಹೆಸರು ಉಬ್ಬುತ್ತವೆ, ಕೆಲವು ಅಳಿಯುತ್ತವೆ. ನೂರು ಜೋಳದ ಕಾಳನ್ನು ಬಿತ್ತುವ ರೈತನನ್ನು ಎಣಿಸಿಕೊಳ್ಳಿ. ಐವತ್ತು ಬಿಳಿಜೋಳ, ಐವತ್ತು ಕೆಂಪುಜೋಳ. ಎರಡರ ಇಳುವರಿಯೂ ಒಂದೇ. ಸುಗ್ಗಿಯಾದ ಮೇಲೆ ರಾಶಿಯಿಂದ ನೋಡದೆ ನೂರು ಕಾಳು ಎತ್ತಿ ಮುಂದಿನ ವರ್ಷಕ್ಕೆ ಬೀಜ ಇಡುತ್ತಾನೆ. ಮುಷ್ಟಿಗೆ ಸರಿಯಾಗಿ ಐವತ್ತು-ಐವತ್ತೇ ಬರಬೇಕೆಂದಿಲ್ಲ, 54 ಬಿಳಿ ಬಂದೀತು. ಮುಂದಿನ ವರ್ಷದ ರಾಶಿ 54ರ ರಾಶಿ. ಅದರಿಂದ 51 ಬಂದೀತು, 60 ಬಂದೀತು. ಹಿಂದಿನ ಸಮತೋಲಕ್ಕೆ ಎಳೆಯುವ ಶಕ್ತಿ ಯಾವುದೂ ಇಲ್ಲ. ಲೆಕ್ಕ ಹಾಕಿದರೆ ಸರಾಸರಿ ಸುಮಾರು 140 ಬಿತ್ತನೆಗಳಲ್ಲಿ ಹೊಲದಲ್ಲಿ ಒಂದೇ ಬಣ್ಣ ಉಳಿಯುತ್ತದೆ. ಗೆದ್ದದ್ದು ಉತ್ತಮ ತಳಿಯಲ್ಲ, ಸೋತದ್ದು ಕೀಳೂ ಅಲ್ಲ. ಇನ್ನು ನೂರರಲ್ಲಿ ಒಂದೇ ಒಂದು ಕಾಳಿರುವ ಬಣ್ಣ ಮೊದಲ ಬಿತ್ತನೆಯಲ್ಲೇ ಅಳಿಯುವ ಸಂಭವ ಶೇಕಡ 37ರಷ್ಟು. ಬಸವಣ್ಣೆಪ್ಪನಂಥ ವಿರಳ ಕವಲುಗಳು ಮೊದಲು ಮರೆಯಾಗುವುದಕ್ಕೆ ಇಷ್ಟು ಗಣಿತ ಸಾಕು.

ಜೀವವಿಜ್ಞಾನಿಗಳು ಇದನ್ನು ಆನುವಂಶಿಕ ಅಲೆತ ಎನ್ನುತ್ತಾರೆ. ಜೀವಿಗಳ ಅಣುಮಟ್ಟದ ಬಹುಪಾಲು ಬದಲಾವಣೆಗಳು ಲಾಭ-ನಷ್ಟವಿಲ್ಲದೆ ಆಕಸ್ಮಿಕವಾಗಿಯೇ ಹರಡುತ್ತವೆ ಎಂದು ಜಪಾನಿನ ತಳಿವಿಜ್ಞಾನಿ ಮೋಟೂ ಕಿಮುರಾ 1968ರಲ್ಲಿ ಮಂಡಿಸಿದ ತಟಸ್ಥ ವಿಕಾಸದ ಸಿದ್ಧಾಂತದ ಬೆನ್ನೆಲುಬು ಇದೇ. 2003ರಲ್ಲಿ ಮ್ಯಾಥ್ಯೂ ಹಾನ್ ಮತ್ತು ಅಲೆಕ್ಸಾಂಡರ್ ಬೆಂಟ್ಲಿ ಅದನ್ನು ಅಮೆರಿಕದ ಶಿಶುಗಳ ಹೆಸರಿಗೆ ಅನ್ವಯಿಸಿದರು. 20ನೇ ಶತಮಾನದುದ್ದಕ್ಕೂ ಅಲ್ಲಿ ಬಹಳ ಪ್ರಚಲಿತ ಹೆಸರೆಷ್ಟು, ವಿರಳವಾದದ್ದೆಷ್ಟು ಎಂಬ ಹಂಚಿಕೆ ಇಂಥ ಕುರುಡು ನಕಲಿನ ಮಾದರಿಗೆ ಚೆನ್ನಾಗಿ ಹೊಂದಿತು.

ಆದರೆ ಬಸಪ್ಪನ ಇಳಿತಕ್ಕೆ ಅಲೆತವೊಂದೇ ಕಾರಣ ಎಂದರೆ ನಾನು ಒಪ್ಪುವುದಿಲ್ಲ. ಅಲೆತಕ್ಕೆ ದಿಕ್ಕಿಲ್ಲ, ಇಲ್ಲಿ ದಿಕ್ಕು ಎದ್ದು ಕಾಣುತ್ತದೆ. ಸೋಮಪ್ಪ, ಕಲ್ಲಪ್ಪ, ಬಸಪ್ಪ ಎಲ್ಲರೂ ಒಟ್ಟಿಗೆ ಇಳಿದರು. ಅಂದರೆ ಜನ ಬಿಟ್ಟದ್ದು ಬಸವನನ್ನಲ್ಲ, ‘ಅಪ್ಪ’ನನ್ನು. ‘ಅಪ್ಪ’ ಎಂದೊಡನೆ ಹಳ್ಳಿ, ಸೀಮೆ, ಎಷ್ಟೋ ಸಲ ಜಾತಿಯೂ ಕೇಳಿಸುತ್ತದೆ. ನಗರದ ಶಾಲೆಗೆ ಮಗುವನ್ನು ಸೇರಿಸುವ ತಂದೆತಾಯಿ ಆ ಗುರುತನ್ನು ಮರೆಸಲು ಬಯಸಿದರು. ಅದನ್ನು ನಾನು ತಪ್ಪೆನ್ನಲಾರೆ. ಆ ಗುರುತನ್ನು ಹಿಡಿದು ನಗುವ ಸಮಾಜದ ಮೇಲೆ ಮಾತ್ರ ನನಗೆ ಸಿಟ್ಟಿದೆ.

ಇನ್ನೊಂದು ಸಂಗತಿ ವೇಗದ್ದು. ಜೋನಾ ಬರ್ಗರ್ ಮತ್ತು ಗೇಲ್ ಲೆ ಮಾನ್ಸ್ 2009ರಲ್ಲಿ ಫ್ರಾನ್ಸ್ ಮತ್ತು ಅಮೆರಿಕದ ನೂರು ವರ್ಷಗಳ ಹೆಸರುಗಳನ್ನು ಪರಿಶೀಲಿಸಿ, ಬೇಗ ಏರಿದ ಹೆಸರು ಬೇಗನೆ ಇಳಿಯುತ್ತದೆ ಎಂದು ತೋರಿಸಿದರು. ಥಟ್ಟನೆ ಎಲ್ಲೆಡೆ ಕೇಳಿಬಂದ ಹೆಸರನ್ನು ಮುಂದಿನ ತಂದೆತಾಯಿ ‘ಇದು ಬರಿಯ ಫ್ಯಾಷನ್’ ಎಂದು ದೂರವಿಡುತ್ತಾರೆ. ಶತಮಾನಗಳ ಕಾಲ ನಿಧಾನವಾಗಿ ಹಬ್ಬಿದ ‘ಬಸವ’ಕ್ಕೂ ಕೆಲವೇ ವರ್ಷಗಳಲ್ಲಿ ಎಲ್ಲೆಡೆ ಹರಡುವ ಇಂದಿನ ಎರಡಕ್ಷರದ ಹೆಸರುಗಳಿಗೂ ಈ ನಿಯಮದ ಪ್ರಕಾರ ಒಂದೇ ಆಯುಸ್ಸು ಇರಲಾರದು.

ಇಷ್ಟು ಚೆಂದದ ಗಣಿತ ಇರುವಾಗ ಹೆಸರಿನ ಸುತ್ತ ಬೆಳೆದಿರುವ ಸಂಖ್ಯಾಶಾಸ್ತ್ರದ ವ್ಯಾಪಾರವನ್ನು ಕಂಡರೆ ಸಂಕಟವಾಗುತ್ತದೆ. ಇಂಗ್ಲಿಷಿನ 26 ಅಕ್ಷರಗಳಿಗೆ ಅಂಕಿ ಕೊಟ್ಟು ಕೂಡಿಸಿ, ‘ಬಸವರಾಜ’ದಲ್ಲಿ ಇನ್ನೊಂದು ‘ಎ’ ಸೇರಿಸಿದರೆ ಭಾಗ್ಯ ಬದಲಾಗುತ್ತದೆ ಎನ್ನುತ್ತಾರೆ. ಮಗುವನ್ನು ತಾಯಿ ಕರೆಯುವುದು ಬಾಯಿಂದ, ಇಂಗ್ಲಿಷ್ ಕಾಗುಣಿತದಿಂದಲ್ಲ. ಅಕ್ಷರಕ್ಕೆ ಅಂಕಿ ಕೊಡುವ ನಿಜವಾದ ವಿದ್ಯೆ ನಮ್ಮಲ್ಲಿಯೇ ಇತ್ತು, ಅದೇ ಕಟಪಯಾದಿ. ಕರ್ನಾಟಕ ಸಂಗೀತದ ಮೇಚಕಲ್ಯಾಣಿ ರಾಗ ಎಂದರೆ ಮ 5, ಚ 6, ತಿರುಗಿಸಿದರೆ 65ನೆಯ ಮೇಳಕರ್ತ, ಅಂದರೆ ಮೂಲರಾಗ. ಪಂಡಿತರು ಅದನ್ನು ನೆನಪಿಗೆ ಬಳಸಿದರು, ಭವಿಷ್ಯ ಹೇಳಲು ಅಲ್ಲ. ನಕ್ಷತ್ರದ ಅಕ್ಷರದ ಕಥೆಯೂ ಇಷ್ಟೇ. 27 ನಕ್ಷತ್ರ, ನಾಲ್ಕು ಪಾದ, ಒಟ್ಟು 108 ಅಕ್ಷರ. ಆರ್ದ್ರಾ ನಕ್ಷತ್ರದ ಮೂರನೇ ಪಾದಕ್ಕೆ ‘ಙ’, ಹಸ್ತಾದ ಮೂರನೇ ಪಾದಕ್ಕೆ ‘ಣ’. ಕನ್ನಡದಲ್ಲಿ ಆ ಅಕ್ಷರಗಳಿಂದ ಹೆಸರು ಆರಂಭವಾಗುವುದೇ ಇಲ್ಲ. ಆ ಮಕ್ಕಳಿಗೆ ಬೇರೆ ಅಕ್ಷರ ಕೊಟ್ಟು ಕಳುಹಿಸುತ್ತಾರೆ, ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ. ಮನೆಯ ಸಂಪ್ರದಾಯವೆಂದು ಯಾರಾದರೂ ಅಕ್ಷರ ನೋಡಿದರೆ ನನ್ನ ತಕರಾರಿಲ್ಲ. ಕಷ್ಟಪಟ್ಟು ಓದುವ ಹುಡುಗನ ಸೋಲಿಗೆ ಅವನ ಹೆಸರೇ ಕಾರಣ ಎಂದು ಹೇಳಿ ಹಣ ಕೀಳುವುದು ಮಾತ್ರ ಅನ್ಯಾಯ.

ಬಸವನ ಮುಂದಿನ ದಾರಿಯ ಬಗ್ಗೆ ನನಗೆ ಹತಾಶೆಯಿಲ್ಲ. ಬಸವಪ್ರಭು, ಬಸವಶ್ರೀ, ಬಸವಕಿರಣ ಎಂಬ ರೂಪಗಳು ಬಂದಿವೆ. 1913ರಲ್ಲಿ ಹರ್ಡೇಕರ ಮಂಜಪ್ಪನವರು ದಾವಣಗೆರೆಯಲ್ಲಿ ಸಾರ್ವಜನಿಕವಾಗಿ ಆರಂಭಿಸಿದ ಬಸವ ಜಯಂತಿ ಇಂದು ನಾಡಿನ ಹಬ್ಬ. 2024ರಲ್ಲಿ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕನೆಂದು ಘೋಷಿಸಿತು. ಇದರಿಂದ ತೊಟ್ಟಿಲಿನ ಹೆಸರುಗಳು ಬದಲಾಗುತ್ತವೆಯೇ ಎಂಬುದನ್ನು ಅಳೆಯಬಹುದು, ಅಳೆಯಲು ಅಂಕಿ ಬೇಕು ಅಷ್ಟೇ. ಅಮೆರಿಕದ ಸಾಮಾಜಿಕ ಭದ್ರತಾ ಆಡಳಿತವು 1880ರಿಂದ ಹುಟ್ಟಿದವರ ಹೆಸರುಗಳ ಎಣಿಕೆಯನ್ನು ವರ್ಷವರ್ಷಕ್ಕೂ ಬಿಡುಗಡೆ ಮಾಡಿದೆ. ಒಂದು ವರ್ಷದಲ್ಲಿ ಐವರಿಗಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಖಾಸಗಿತನಕ್ಕಾಗಿ ಕೈಬಿಡುತ್ತದೆ. ನಮ್ಮಲ್ಲಿ 1969ರ ಜನನ-ಮರಣ ನೋಂದಣಿ ಕಾಯ್ದೆ ಇದೆ, ನೋಂದಣಿಗೆ ಇ-ಜನ್ಮ ತಂತ್ರಾಂಶವಿದೆ, ಲಕ್ಷಾಂತರ ಹೆಸರುಗಳು ಅದರಲ್ಲಿವೆ. ವ್ಯಕ್ತಿಯ ವಿವರ ತೆಗೆದು, ಜಿಲ್ಲೆವಾರು ಎಣಿಕೆಯನ್ನಷ್ಟೇ ಪ್ರಕಟಿಸಿದರೆ ಬಸವರಾಜ ಎಂದಿನಿಂದ ಇಳಿದ, ಬೀದರಿನಲ್ಲಿ ಇಳಿದಷ್ಟೇ ಬೇಗ ಚಾಮರಾಜನಗರದಲ್ಲೂ ಇಳಿದನೇ, ರಿಷಭ ಯಾವ ವರ್ಷ ಅವನನ್ನು ದಾಟಿದ ಎಂಬುದನ್ನು ಕಾಲೇಜು ವಿದ್ಯಾರ್ಥಿಯೊಬ್ಬಳು ಒಂದು ಸಂಜೆಯಲ್ಲಿ ನಕ್ಷೆ ಎಳೆದು ತೋರಿಸಬಲ್ಲಳು.