ರೋಗಾಣುವಿಗೂ ರೋಗ ಬರುತ್ತದೆ

ಸೇಬಿನ ಎಳೆ ಚಿಗುರು ಕೆಲವೇ ದಿನಗಳಲ್ಲಿ ಕಪ್ಪಗಾಗಿ, ತುದಿ ಬಾಗಿ, ಕೊಕ್ಕೆಯ ಹಾಗೆ ಜೋತುಬೀಳುತ್ತದೆ. ಎಲೆ ಒಣಗುತ್ತದೆ, ಆದರೂ ಉದುರುವುದಿಲ್ಲ. ಹತ್ತಿರ ಹೋಗಿ ನೋಡಿದರೆ ಕೊಂಬೆಯ ಮೇಲೆ ಜೇನು ಬಣ್ಣದ ಅಂಟು ಹನಿ. ದೂರದಿಂದ ನೋಡಿದರೆ ಮರಕ್ಕೆ ಬೆಂಕಿ ತಾಗಿದ ಹಾಗೆ ಕಾಣುತ್ತದೆ. ಅದಕ್ಕೇ ಈ ರೋಗಕ್ಕೆ 'ಫೈರ್ ಬ್ಲೈಟ್' ಅಂತ ಹೆಸರು. ಅಮೆರಿಕದ ಹಡ್ಸನ್ ನದಿ ಕಣಿವೆಯ ಬೆಳೆಗಾರರು 1780ರ ಹೊತ್ತಿಗೇ ಇದನ್ನು ಕಂಡಿದ್ದರು. ಕಾರಣ ಗೊತ್ತಾಗಲು ಮಾತ್ರ ನೂರು ವರ್ಷ ಹಿಡಿಯಿತು. ಇದು ಬ್ಯಾಕ್ಟೀರಿಯಾದ ಕೆಲಸ ಎಂದು 1880ರ ಆಸುಪಾಸಿನಲ್ಲಿ ತೋರಿಸಿಕೊಟ್ಟವರು ಇಲಿನಾಯ್ ವಿಶ್ವವಿದ್ಯಾಲಯದ ಥಾಮಸ್ ಬರಿಲ್. ಗಿಡಗಳಿಗೂ ಬ್ಯಾಕ್ಟೀರಿಯಾದಿಂದ ರೋಗ ಬರುತ್ತದೆ ಎಂದು ಜಗತ್ತಿಗೆ ಮೊದಲು ಗೊತ್ತಾದದ್ದೇ ಈ ರೋಗದಿಂದ. ಆ ಬ್ಯಾಕ್ಟೀರಿಯಾದ ಹೆಸರು ಎರ್ವಿನಿಯಾ ಅಮೈಲೊವೊರಾ.

ಇದು ಮರದೊಳಗೆ ನುಗ್ಗುವ ಮುಖ್ಯ ಬಾಗಿಲು ಹೂವು. ಹೂವಿನ ನಡುವೆ ಪರಾಗ ಅಂಟಿಕೊಳ್ಳುವ ತುದಿ ಇದೆಯಲ್ಲ, ಆ ಶಲಾಕಾಗ್ರದ ಮೇಲೆ ಅದು ಮೊದಲು ಬೀಡು ಬಿಡುತ್ತದೆ. ಹವೆ ಬೆಚ್ಚಗಿದ್ದರೆ ಒಂದೆರಡು ದಿನದಲ್ಲಿ ಒಂದೇ ಹೂವಿನಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಆಗಬಹುದು. ಹೂವಿಂದ ಹೂವಿಗೆ ಜೇನುನೊಣವೇ ಹೊತ್ತೊಯ್ಯುತ್ತದೆ. ಆಮೇಲೆ ಒಂದು ಸಣ್ಣ ಮಳೆ ಬಂದರೆ ಸಾಕು. ನೀರಿನ ಜೊತೆ ಕೆಳಗೆ ಮಕರಂದದ ಬಟ್ಟಲಿಗೆ ಇಳಿದು, ಅಲ್ಲಿರುವ ಸಣ್ಣ ರಂಧ್ರಗಳಿಂದ ಒಳಗೆ ಹೋಗುತ್ತದೆ. ಹಾಗಾಗಿ ತಡೆಯುವುದಾದರೆ ಹೂ ಬಿಟ್ಟ ಆ ಕೆಲವೇ ದಿನಗಳಲ್ಲಿ ತಡೆಯಬೇಕು.

1950ರ ದಶಕದಿಂದ ಬೆಳೆಗಾರರು ಇದಕ್ಕೆ ಸ್ಟ್ರೆಪ್ಟೊಮೈಸಿನ್ ಹೊಡೆಯುತ್ತಾ ಬಂದರು. ಮನುಷ್ಯರ ಕ್ಷಯಕ್ಕೆ ಕೊಡುವ ಔಷಧವೂ ಇದೇ. ಚೆನ್ನಾಗಿಯೇ ಕೆಲಸ ಮಾಡಿತು. ಆದರೆ 1971ರಲ್ಲಿ ಕ್ಯಾಲಿಫೋರ್ನಿಯಾದ ಪಿಯರ್ ಹಣ್ಣಿನ ತೋಟಗಳಲ್ಲಿ ಈ ಔಷಧಕ್ಕೆ ಬಗ್ಗದ ಎರ್ವಿನಿಯಾ ಸಿಕ್ಕಿತು. ಆಮೇಲೆ ಬೇರೆ ಕಡೆಗಳಲ್ಲೂ ಸಿಕ್ಕಿತು. ಹಾಗಾಗಿ ವಿಜ್ಞಾನಿಗಳು ಒಂದು ಹಳೆಯ ವಿಷಯಕ್ಕೆ ಮರಳಿದರು: ಬ್ಯಾಕ್ಟೀರಿಯಾಗಳನ್ನೂ ಕಾಡುವ ವೈರಸ್‌ಗಳಿವೆ.

ಇವಕ್ಕೆ ಬ್ಯಾಕ್ಟೀರಿಯೊಫೇಜ್ ಅನ್ನುತ್ತಾರೆ, ಚಿಕ್ಕದಾಗಿ ಫೇಜ್. 1915ರಲ್ಲಿ ಲಂಡನ್ನಿನಲ್ಲಿ ಫ್ರೆಡರಿಕ್ ಟ್ವಾರ್ಟ್, 1917ರಲ್ಲಿ ಪ್ಯಾರಿಸ್ಸಿನಲ್ಲಿ ಫೆಲಿಕ್ಸ್ ಡಿ'ಹೆರೆಲ್ ಇವನ್ನು ಕಂಡುಹಿಡಿದರು. ಫೇಜ್ ತನಗೆ ಹೊಂದುವ ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು ತನ್ನ ಡಿಎನ್‌ಎ ಒಳಗೆ ತೂರಿಸುತ್ತದೆ. ಅಲ್ಲಿಂದ ಮುಂದೆ ಬ್ಯಾಕ್ಟೀರಿಯಾ ತನ್ನ ಕೆಲಸ ಬಿಟ್ಟು ಫೇಜ್‌ಗಳನ್ನೇ ತಯಾರಿಸುತ್ತದೆ. ಕೊನೆಗೆ ಒಡೆದುಹೋಗುತ್ತದೆ, ಹತ್ತಾರು ಇಲ್ಲವೇ ನೂರಾರು ಹೊಸ ಫೇಜ್ ಹೊರಬೀಳುತ್ತವೆ. ಮನುಷ್ಯ, ಜೇನುನೊಣ, ಸೇಬಿನ ಗಿಡ, ಯಾವುದರ ಜೀವಕೋಶವೂ ಇವಕ್ಕೆ ಬೇಕಿಲ್ಲ. ಪಕ್ಕದಲ್ಲೇ ಇರುವ ಬೇರೆ ಜಾತಿಯ ಬ್ಯಾಕ್ಟೀರಿಯಾವನ್ನೂ ಹೆಚ್ಚಾಗಿ ಮುಟ್ಟುವುದಿಲ್ಲ.

ಇವನ್ನು ಹುಡುಕುವ ಕೆಲಸ ನೋಡಲು ತುಂಬಾ ಚೆಂದ. ರೋಗ ಬಿದ್ದ ಮರದ ಬುಡದ ಮಣ್ಣನ್ನು ನೀರಿನಲ್ಲಿ ಕದಡಬೇಕು. ಬ್ಯಾಕ್ಟೀರಿಯಾ ದಾಟಲಾಗದಷ್ಟು ಸಣ್ಣ ಜರಡಿಯಲ್ಲಿ ಆ ನೀರನ್ನು ಸೋಸಬೇಕು. ಗಾಜಿನ ತಟ್ಟೆಯ ಮೇಲೆ ತೆಳ್ಳಗೆ, ಹಾಲಿನ ಕೆನೆಯ ಹಾಗೆ ಬೆಳೆಸಿದ ಎರ್ವಿನಿಯಾದ ಮೇಲೆ ಒಂದು ಹನಿ ಬಿಡಬೇಕು. ಮರುದಿನ ಆ ಕೆನೆಯಲ್ಲಿ ದುಂಡನೆಯ ತೂತುಗಳು ಬಿದ್ದಿದ್ದರೆ ಫೇಜ್ ಸಿಕ್ಕಿತು ಅಂತ ಲೆಕ್ಕ. ರೋಗ ಇರುವಲ್ಲೇ ಅದರ ಶತ್ರುವೂ ಇರುತ್ತದೆ.

ತಟ್ಟೆಯಲ್ಲಿ ಗೆದ್ದದ್ದು ತೋಟದಲ್ಲಿ ಸುಲಭಕ್ಕೆ ಗೆಲ್ಲುವುದಿಲ್ಲ. ಬಿಸಿಲೇ ದೊಡ್ಡ ತೊಡಕು. ಸೂರ್ಯನ ನೇರಳಾತೀತ ಕಿರಣ ಬಿದ್ದರೆ ಎಲೆಯ ಮೇಲಿನ ಫೇಜ್‌ಗಳು ಕೆಲವೇ ಗಂಟೆಗಳಲ್ಲಿ ಬಹುಪಾಲು ಹಾಳಾಗುತ್ತವೆ. ಫ್ಲಾರಿಡಾದಲ್ಲಿ ಟೊಮೆಟೊ ಮೇಲೆ ಪ್ರಯೋಗ ಮಾಡಿದವರು ಕೆನೆ ತೆಗೆದ ಹಾಲಿನ ಪುಡಿ ಬೆರೆಸಿ ನೋಡಿದರು, ಹೊತ್ತು ಮುಳುಗುವಾಗ ಸಿಂಪಡಿಸಿ ನೋಡಿದರು. ಎರಡರಿಂದಲೂ ಉಪಯೋಗ ಆಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ ಕೆನಡಾದ ಸರ್ಕಾರಿ ಕೃಷಿ ವಿಜ್ಞಾನಿಗಳದ್ದು. ಅಲ್ಲಿ ಆಂಟೊನೆಟ್ ಸ್ವಿರ್ಸೆವ್ ಮತ್ತು ಸಂಗಡಿಗರು ಸೇಬಿನ ಹೂವಿನಲ್ಲೇ ವಾಸಿಸುವ, ಮರಕ್ಕೆ ತೊಂದರೆ ಕೊಡದ ಪ್ಯಾಂಟೋಯಿಯಾ ಎಂಬ ಬ್ಯಾಕ್ಟೀರಿಯಾವನ್ನು ಆರಿಸಿಕೊಂಡರು. ಇದಕ್ಕೂ ಎರ್ವಿನಿಯಾಕ್ಕೂ ಹತ್ತುವಂಥ ಫೇಜನ್ನು ಅದಕ್ಕೆ ಮೊದಲೇ ಹತ್ತಿಸಿ, ಆಮೇಲೆ ಹೂವಿಗೆ ಸಿಂಪಡಿಸಿದರು. ಈಗ ಫೇಜ್ ಬಿಸಿಲಿಗೆ ಬರಿಮೈಯಲ್ಲಿ ನಿಲ್ಲಬೇಕಿಲ್ಲ, ಪ್ಯಾಂಟೋಯಿಯಾದ ಒಳಗೇ ಬೆಳೆಯುತ್ತಾ ಹೋಗುತ್ತದೆ. ಎರ್ವಿನಿಯಾ ಬಂದಾಗ ಅದರ ಮೇಲೂ ಏರುತ್ತದೆ. ಜೊತೆಗೆ ಪ್ಯಾಂಟೋಯಿಯಾ ಹೂವಿನ ಜಾಗ, ಸಕ್ಕರೆ ಎರಡನ್ನೂ ಮೊದಲೇ ಹಿಡಿದುಕೊಂಡಿರುತ್ತದೆ. ಒಂದೇ ಸಿಂಪಡಣೆಯಲ್ಲಿ ಎರಡು ಕಾವಲು!

ಬ್ಯಾಕ್ಟೀರಿಯಾ ಫೇಜ್‌ನಿಂದಲೂ ತಪ್ಪಿಸಿಕೊಳ್ಳಲು ಕಲಿಯುವುದಿಲ್ಲವೇ? ಕಲಿಯುತ್ತದೆ. ಅದಕ್ಕೇ ನಾಲ್ಕಾರು ಬಗೆಯ ಫೇಜ್ ಬೆರೆಸಿ ಕೊಡುತ್ತಾರೆ. ಇಲ್ಲೊಂದು ಸ್ವಾರಸ್ಯ ಇದೆ. ಕೆಲವು ಫೇಜ್‌ಗಳು ಎರ್ವಿನಿಯಾದ ಮೈಮೇಲಿನ ಲೋಳೆಯನ್ನೇ ಹಿಡಿದು ಒಳಗೆ ಹೋಗುತ್ತವೆ. ಅವುಗಳಿಂದ ಉಳಿಯಬೇಕಾದರೆ ಎರ್ವಿನಿಯಾ ಲೋಳೆ ತಯಾರಿಸುವುದನ್ನೇ ನಿಲ್ಲಿಸಬೇಕು. ಲೋಳೆ ಇಲ್ಲದಿದ್ದರೆ ಮರಕ್ಕೆ ರೋಗ ತರುವ ಶಕ್ತಿಯೂ ಹೋಗುತ್ತದೆ.

ಇದೆಲ್ಲ ಬರೀ ಪ್ರಯೋಗಶಾಲೆಯ ಮಾತಲ್ಲ. ಅಮೆರಿಕದ ಪರಿಸರ ಇಲಾಖೆ 2005ರಲ್ಲಿ ಒಂದು ಫೇಜ್ ಉತ್ಪನ್ನಕ್ಕೆ ಒಪ್ಪಿಗೆ ಕೊಟ್ಟಿತು. ಹೆಸರು ಅಗ್ರಿಫೇಜ್, ಟೊಮೆಟೊ ಮತ್ತು ಮೆಣಸಿನಕಾಯಿಯ ಚುಕ್ಕೆ ರೋಗಕ್ಕೆ. ಫೈರ್ ಬ್ಲೈಟ್‌ಗೂ ಈಗ ಅಂಥದೇ ಉತ್ಪನ್ನ ಇದೆ.

ಆ ಟೊಮೆಟೊ ಚುಕ್ಕೆ ರೋಗ ತರುವ ಬ್ಯಾಕ್ಟೀರಿಯಾದ ಕುಲದ ಹೆಸರು ಕ್ಸಾಂಥೊಮೊನಾಸ್. ನಮ್ಮ ದಾಳಿಂಬೆ ಬೆಳೆಗಾರರ ನಿದ್ದೆ ಕೆಡಿಸಿದ ದುಂಡಾಣು ಅಂಗಮಾರಿಗೂ ಅದೇ ಕುಲದ ಬ್ಯಾಕ್ಟೀರಿಯಾ ಕಾರಣ. ಬಾಗಲಕೋಟೆ, ವಿಜಯಪುರ, ಕೊಪ್ಪಳ, ಚಿತ್ರದುರ್ಗದ ತೋಟಗಳಲ್ಲಿ ಇದನ್ನು ಕಂಡವರಿಗೆ ಗೊತ್ತು. ಎಲೆಯ ಮೇಲೆ ಎಣ್ಣೆ ಸಿಡಿದಂಥ ಚುಕ್ಕೆ, ಆಮೇಲೆ ಕಾಯಿ ಮೇಲೆ ಕಪ್ಪು ಕಲೆ, ಕೊನೆಗೆ ಕಾಯಿಯೇ ಸೀಳುತ್ತದೆ. ಇಲ್ಲೂ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಬೆರೆಸಿದ ಸ್ಟ್ರೆಪ್ಟೊಸೈಕ್ಲಿನ್ ಹೊಡೆಯುತ್ತಾ ಬಂದಿದ್ದಾರೆ. ಬೆಳೆಗಳಿಗೆ ಈ ಆಂಟಿಬಯೊಟಿಕ್ ಬಳಸುವುದನ್ನು ಹಂತ ಹಂತವಾಗಿ ನಿಲ್ಲಿಸಲು ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಕರಡು ಆದೇಶ ಹೊರಡಿಸಿತು. ಅದು ಸರಿಯಾದ ಹೆಜ್ಜೆ ಅಂತಲೇ ನನ್ನ ಅಭಿಪ್ರಾಯ. ಆದರೆ ರೈತನ ಕೈಗೆ ಬದಲಿ ಏನಾದರೂ ಬೇಕಲ್ವಾ?

ಅಮೆರಿಕದ ಬಾಟಲಿ ತಂದು ಇಲ್ಲಿ ಹೊಡೆದರೆ ಸಾಲದು. ಫೇಜ್‌ನ ಆಯ್ಕೆ ಅಷ್ಟು ಬಿಗಿ. ಹುಡುಕಬೇಕಾದದ್ದು ನಮ್ಮ ರೋಗ ಬಿದ್ದ ಗಿಡಗಳ ಬುಡದಲ್ಲೇ. ಸಿಕ್ಕ ಮೇಲೂ ಕೊಂಬೆಯೊಳಗೆ ಅಡಗಿ ಕುಳಿತ ರೋಗಕ್ಕೆ ಸಿಂಪಡಣೆ ತಲುಪುವುದು ಕಷ್ಟ, ರೋಗ ತಗುಲಿದ ಕೊಂಬೆ ಕತ್ತರಿಸಿ ಸುಡುವುದು ಇದ್ದದ್ದೇ. ಇನ್ನು ರೋಗದ ಕಾಟ ಜಾಸ್ತಿ ಇರುವುದು ಮೃಗ ಬಹಾರಿನ, ಅಂದರೆ ಜೂನ್-ಜುಲೈನಲ್ಲಿ ಹೂ ಬಿಡುವ ಬೆಳೆಯ, ಮಳೆಗಾಲದಲ್ಲಿ. ಮೋಡ ಕವಿದ ಆ ದಿನಗಳಲ್ಲಿ ಫೇಜ್‌ಗೆ ಬಿಸಿಲಿನ ಭಯ ಕಮ್ಮಿ, ಆದರೆ ಮಳೆ ಎಲ್ಲವನ್ನೂ ತೊಳೆದುಬಿಡಬಹುದು. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ದಾಳಿಂಬೆ ಎಲೆಯ ಮೇಲೆ ಫೇಜ್ ಎಷ್ಟು ಗಂಟೆ ಉಳಿಯುತ್ತದೆ ಎಂದು ತೋಟದಲ್ಲೇ ನಿಂತು ಅಳೆಯಬೇಕು. ಅಲ್ಲಿಂದ ಶುರು ಮಾಡಬಹುದು.